ಹಾಗಾದರೆ ಯಾವ ಎಣ್ಣೆ ಹಾಕಲಿ?

2018ರಲ್ಲಿ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ ಕರಿನ್ ಮಿಶೆಲ್ಸ್ ಎಂಬ ಪ್ರಾಧ್ಯಾಪಕಿ ಒಂದು ಉಪನ್ಯಾಸ ಕೊಟ್ಟರು. ಮಾತಾಡಿದ್ದು ಜರ್ಮನ್ ಭಾಷೆಯಲ್ಲಿ, ಕೇಳಲು ಕೂತವರು ಆ ಊರಿನ ಜನ. ವಿಷಯ, ತೆಂಗಿನೆಣ್ಣೆ ಮತ್ತು ಆಹಾರದ ಬಗ್ಗೆ ಜನರಲ್ಲಿರುವ ಇತರ ತಪ್ಪು ತಿಳಿವಳಿಕೆಗಳು. ತೆಂಗಿನೆಣ್ಣೆ ‘ಶುದ್ಧ ವಿಷ’ ಎಂದು ಅವರು ಅಲ್ಲಿ ಹೇಳಿದರು. ಉಪನ್ಯಾಸದ ವಿಡಿಯೊ ಯೂಟ್ಯೂಬ್‌ಗೆ ಹೋಯಿತು, ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. ಮಿಶೆಲ್ಸ್ ಅವರಿಗೆ ಹಾರ್ವರ್ಡ್‌ನ ನಂಟೂ ಇದ್ದುದರಿಂದ ಪತ್ರಿಕೆಗಳ ತಲೆಬರಹದಲ್ಲಿ ಫ್ರೈಬುರ್ಗ್ ಮಾಯವಾಯಿತು, ‘ಹಾರ್ವರ್ಡ್ ಹೇಳುತ್ತದೆ’ ಎಂಬುದು ಉಳಿಯಿತು. ಆಗಸ್ಟ್ ಮುಗಿಯುವ ಹೊತ್ತಿಗೆ ‘ಶುದ್ಧ ವಿಷ’ ಎಂಬ ಆ ಎರಡು ಪದಗಳು ಪುತ್ತೂರು, ಕುಂದಾಪುರ, ಕುಮಟಾದ ಮೊಬೈಲುಗಳಿಗೂ ಬಂದಿಳಿದವು.

ಕರಾವಳಿಯಲ್ಲಿ ಇದು ಸಣ್ಣ ಮಾತಲ್ಲ. ಅಲ್ಲಿ ಸಾರಿನ ಒಗ್ಗರಣೆಗೂ ಅದೇ ಎಣ್ಣೆ, ಮೀನು ಹುರಿಯಲೂ ಅದೇ, ಹಸುಗೂಸಿನ ಮೈಗೆ ತಿಕ್ಕಲೂ ಅದೇ. ‘ಅಜ್ಜ ತೊಂಬತ್ತು ವರ್ಷ ಬದುಕಿದ್ದರಲ್ಲ, ಅವರು ಏನು ಆಲಿವ್ ಎಣ್ಣೆ ತಿಂದಿದ್ದರಾ?’ ಎಂದು ಹಿರಿಯರು ಕೇಳಿದರೆ, ಪೇಟೆ ಸೇರಿದ ಮಕ್ಕಳು ಫೋನಿನಲ್ಲೇ ‘ಅಮ್ಮ, ಎಣ್ಣೆ ಬದಲಾಯಿಸು’ ಎಂದರು. ಕೇಂದ್ರ ಕೃಷಿ ಸಚಿವಾಲಯದ ತೋಟಗಾರಿಕೆ ಆಯುಕ್ತರಾಗಿದ್ದ ಬಿ.ಎನ್. ಶ್ರೀನಿವಾಸಮೂರ್ತಿ ಹಾರ್ವರ್ಡ್‌ಗೆ ಪತ್ರ ಬರೆದು, ಆ ಮಾತನ್ನು ಹಿಂದಕ್ಕೆ ಪಡೆಯಬೇಕೆಂದು ಕೇಳಿದರು. ಒಂದು ಉಪನ್ಯಾಸಕ್ಕೆ ಒಂದು ದೇಶದ ಸರ್ಕಾರಿ ಅಧಿಕಾರಿ ಉತ್ತರ ಬರೆಯುವುದು ದಿನಾ ನಡೆಯುವ ಸಂಗತಿಯಲ್ಲ.

ಇತ್ತ ಘಟ್ಟದ ಮೇಲಿನವರಿಗೆ ಈ ಗಲಾಟೆ ಅಷ್ಟಾಗಿ ತಟ್ಟಲಿಲ್ಲ. ಮೈಸೂರು ಕಡೆಯವರಿಗೆ ಕೊಬ್ಬರಿ ಎಣ್ಣೆ ಎಂದರೆ ತಲೆಗೆ ಹಚ್ಚುವುದು, ಅಡುಗೆಗೆ ಕಡಲೆಕಾಯಿ ಎಣ್ಣೆ. ಉತ್ತರ ಕರ್ನಾಟಕದಲ್ಲಿ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ. ತಲೆಗೋ ಹೊಟ್ಟೆಗೋ ಎಂಬ ಈ ಪ್ರಶ್ನೆ ತೆರಿಗೆ ಇಲಾಖೆಗೂ ಬಗೆಹರಿದಿರಲಿಲ್ಲ. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ತಿನ್ನುವ ಎಣ್ಣೆಯೋ ಕೂದಲಿನ ಎಣ್ಣೆಯೋ ಎಂಬ ವ್ಯಾಜ್ಯ ವರ್ಷಾನುಗಟ್ಟಲೆ ನಡೆದು, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿನ್ನುವ ಎಣ್ಣೆ ಎಂದೇ ಪರಿಗಣಿಸಬಹುದು ಎಂದು ತೀರ್ಪು ಕೊಟ್ಟಿತು. ಕರಾವಳಿಯವರಿಗೆ ಇದನ್ನು ತಿಳಿಯಲು ಕೋರ್ಟು ಬೇಕಿರಲಿಲ್ಲ.

ಮಿಶೆಲ್ಸ್ ಅವರ ಮಾತಿನ ಹಿಂದೆ ಒಂದು ಲೆಕ್ಕವಂತೂ ಇತ್ತು. ಹಿಂದಿನ ವರ್ಷ, 2017ರ ಜೂನ್‌ನಲ್ಲಿ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೊಬ್ಬುಗಳ ಬಗ್ಗೆ ಒಂದು ಸಲಹಾಪತ್ರ ಹೊರಡಿಸಿತ್ತು. ಅದರ ಪ್ರಕಾರ ತೆಂಗಿನೆಣ್ಣೆಯಲ್ಲಿ ಶೇ. 82ರಷ್ಟು ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಂಪಾದಾಗ ಗಟ್ಟಿಯಾಗುವ ಬಗೆಯದು. ಬೆಣ್ಣೆಯಲ್ಲಿ ಅದು ಶೇ. 63, ಹಂದಿಯ ಕೊಬ್ಬಿನಲ್ಲಿ ಶೇ. 39. ಈ ಕೊಬ್ಬು ಹೆಚ್ಚಾದರೆ ರಕ್ತದಿಂದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಬಾಚಿಕೊಳ್ಳುವ ಯಕೃತ್ತಿನ ಕೆಲಸ ನಿಧಾನವಾಗುತ್ತದೆ. ಬಾಚದೆ ಉಳಿದದ್ದು ರಕ್ತನಾಳದ ಗೋಡೆಗೆ ಕೂರುತ್ತದೆ. ಎಣ್ಣೆ ಪ್ಯಾಕೆಟ್ಟಿನ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ಅಚ್ಚು ಹಾಕುವುದನ್ನು ನೋಡಿ ನೆಮ್ಮದಿಪಡುವವರು ಬಹಳ. ಗಿಡದಿಂದ ಬರುವ ಯಾವ ಎಣ್ಣೆಯಲ್ಲೂ ಅದು ಇರುವುದೇ ಇಲ್ಲ. ಬಾಳೆಹಣ್ಣಿನ ಮೇಲೆ ‘ಇದರಲ್ಲಿ ಮೂಳೆ ಇಲ್ಲ’ ಎಂದು ಚೀಟಿ ಅಂಟಿಸಿದಂತೆ ಅದು. ಕೊಲೆಸ್ಟರಾಲನ್ನು ತಯಾರಿಸುವುದೂ ತೆಗೆಯುವುದೂ ನಮ್ಮದೇ ಯಕೃತ್ತು.

ಆದರೆ ಅಮೆರಿಕದ ಜನ ಆ ಹೊತ್ತಿಗೆ ತೆಂಗಿನೆಣ್ಣೆಯ ಮೋಹದಲ್ಲಿದ್ದರು. 2016ರ ಒಂದು ಸಮೀಕ್ಷೆಯಲ್ಲಿ ಅಲ್ಲಿನ ಶೇ. 72ರಷ್ಟು ಸಾಮಾನ್ಯರು ಅದು ಆರೋಗ್ಯಕರ ಎಂದಿದ್ದರು. ಪೋಷಣಾ ತಜ್ಞರಲ್ಲಿ ಹಾಗೆಂದವರು ಶೇ. 37 ಮಾತ್ರ. ಆ ಮೋಹದ ಬೇರು ಕೂಡ ಒಂದು ಸಂಶೋಧನೆಯೇ. ಕೊಲಂಬಿಯಾ ವಿಶ್ವವಿದ್ಯಾಲಯದ ಮೇರಿ-ಪಿಯರ್ ಸೇಂಟ್-ಓಂಜ್ ಎಂಬ ವಿಜ್ಞಾನಿ ‘ಮಧ್ಯಮ ಸರಪಳಿ’ಯ ಕೊಬ್ಬು ಮೈತೂಕ ಇಳಿಸಲು ನೆರವಾಗುತ್ತದೆಯೇ ಎಂದು ಪರೀಕ್ಷಿಸಿ, ಸ್ವಲ್ಪ ಮಟ್ಟಿಗೆ ಹೌದು ಎಂದು ಕಂಡುಕೊಂಡಿದ್ದರು. ಅವರು ಬಳಸಿದ್ದು ಆ ಕೊಬ್ಬನ್ನೇ ತುಂಬಿ ವಿಶೇಷವಾಗಿ ತಯಾರಿಸಿದ ಎಣ್ಣೆ. ತೆಂಗಿನೆಣ್ಣೆಯಲ್ಲಿ ಅಂಥ ಕೊಬ್ಬು ಇರುವುದು ಶೇ. 15ರ ಆಸುಪಾಸು. ನಡುವಿನ ಈ ಅಂತರವನ್ನು ಜಾಹೀರಾತು ಹಾರಿ ದಾಟಿತು, ಜನ ಬೆಳಗಿನ ಕಾಫಿಗೆ ಚಮಚಗಟ್ಟಲೆ ಎಣ್ಣೆ ಹಾಕಿಕೊಂಡರು.

ಮೂವತ್ತು ವರ್ಷ ಹಿಂದಕ್ಕೆ ಹೋದರೆ ಅದೇ ಅಮೆರಿಕದಲ್ಲಿ ಇದರ ತದ್ವಿರುದ್ಧ ನಾಟಕ ನಡೆದಿತ್ತು. ನೆಬ್ರಾಸ್ಕಾದ ಒಮಾಹಾ ಊರಿನ ಫಿಲ್ ಸೊಕೊಲೊಫ್ ವೈದ್ಯರೂ ಅಲ್ಲ, ವಿಜ್ಞಾನಿಯೂ ಅಲ್ಲ, ಒಬ್ಬ ಉದ್ಯಮಿ. 43ನೇ ವಯಸ್ಸಿಗೇ ಹೃದಯಾಘಾತವಾಗಿ ಬದುಕುಳಿದವರು. ಕೊಲೆಸ್ಟರಾಲಿನ ಬಗ್ಗೆ ಬಂದ ಸಂಶೋಧನೆಗಳನ್ನು ಓದಿ ಅವರಿಗೆ ಸುಮ್ಮನೆ ಕೂರಲಾಗಲಿಲ್ಲ. 1988ರಲ್ಲಿ ತಮ್ಮ ಸ್ವಂತ ಹಣ ಸುರಿದು ದೊಡ್ಡ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟರು. ತಲೆಬರಹ, ‘ಅಮೆರಿಕಕ್ಕೆ ವಿಷಪ್ರಾಶನ’. ಕೆಳಗೆ ಮನೆಮನೆಯಲ್ಲೂ ಇದ್ದ ಬಿಸ್ಕತ್ತು, ಕುರುಕಲು ತಿಂಡಿಗಳ ಚಿತ್ರ. ಇವುಗಳಲ್ಲಿ ತೆಂಗಿನೆಣ್ಣೆ, ತಾಳೆ ಎಣ್ಣೆ ಇದೆ ಎಂಬುದೇ ಆರೋಪ. ಸೋಯಾ ಬೆಳೆಗಾರರ ಸಂಘ ಮೊದಲೇ ಈ ‘ಉಷ್ಣವಲಯದ ಎಣ್ಣೆ’ಗಳ ಮೇಲೆ ಪ್ರಚಾರ ಹೂಡಿತ್ತು; ಸೋಯಾ ಎಣ್ಣೆ ಮಾರುವವರಿಗೆ ಹೃದಯದ ಕಾಳಜಿಯಷ್ಟೇ ಇತ್ತು ಎಂದು ನಂಬುವುದು ಕಷ್ಟ. ಸೊಕೊಲೊಫ್ ಅವರಿಗಾದರೋ ಮಾರಲು ಎಣ್ಣೆ ಏನೂ ಇರಲಿಲ್ಲ. ಪ್ರಾಮಾಣಿಕವಾಗಿ ಹೆದರಿದ್ದ ಒಬ್ಬ ಮನುಷ್ಯ, ಅಷ್ಟೇ. ಅವರ ಜಾಹೀರಾತಿಗೆ ದೊಡ್ಡ ದೊಡ್ಡ ಕಂಪನಿಗಳು ಮಣಿದವು. ತೆಂಗು, ತಾಳೆ ಎಣ್ಣೆಗಳನ್ನು ತೆಗೆದುಹಾಕಿದವು.

ತೆಗೆದ ಜಾಗಕ್ಕೆ ಬಂದದ್ದು ಅರೆ ಹೈಡ್ರೋಜನೀಕರಿಸಿದ ಸಸ್ಯತೈಲ. ನಮ್ಮಲ್ಲಿ 1937ರಿಂದ ಡಾಲ್ಡಾ ಎಂಬ ಹೆಸರಿನಲ್ಲಿ ತುಪ್ಪದ ವೇಷ ಹಾಕಿಕೊಂಡು ಮೆರೆದ ವನಸ್ಪತಿಯ ಕುಲದ್ದೇ. ಅದರೊಳಗಿದ್ದ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದರ ಜೊತೆಗೆ ಒಳ್ಳೆಯದನ್ನು ಇಳಿಸುತ್ತದೆ ಎಂದು 1990ರಲ್ಲಿ ಡಚ್ ಸಂಶೋಧಕರಿಬ್ಬರು ತೋರಿಸಿದರು. ಅಂದರೆ, ಜನರ ಹೆದರಿಕೆಗೆ ಓಗೊಟ್ಟು ಬಿಸ್ಕತ್ತಿನಿಂದ ಒಂದನ್ನು ಹೊರಗೆ ಹಾಕಿ ಅದಕ್ಕಿಂತ ಕೆಟ್ಟದ್ದನ್ನು ಒಳಗೆ ಕರೆದುಕೊಂಡಂತಾಗಿತ್ತು. ಅಂಥ ತೈಲ ಸುರಕ್ಷಿತವಲ್ಲ ಎಂದು ಅಮೆರಿಕದ ಆಹಾರ ಇಲಾಖೆ ಘೋಷಿಸಿದ್ದು 2015ರಲ್ಲಿ. ಭಾರತದಲ್ಲಿ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಕೂಡದು ಎಂಬ ನಿಯಮ ಬಂದದ್ದು 2022ರ ಜನವರಿಯಲ್ಲಿ.

ಎಣ್ಣೆ ಕೆಟ್ಟದ್ದು ಎಂದು ಯಾರಾದರೂ ಹೇಳಿದಾಗ ಅಡುಗೆಮನೆಯಿಂದ ಸಿಡುಕಿನ ಒಂದು ಮರುಪ್ರಶ್ನೆ ಬರುತ್ತದೆ: ‘ಹಾಗಾದರೆ ಯಾವ ಎಣ್ಣೆ ಹಾಕಲಿ?’ ಕೇಳಿದವರನ್ನು ತಿಳಿವಳಿಕೆ ಇಲ್ಲದವರೆಂದು ನಗುವುದುಂಟು. ನಿಜಕ್ಕೂ ಪೋಷಣಾ ವಿಜ್ಞಾನದ ಮುಖ್ಯ ಪ್ರಶ್ನೆಯೇ ಅದು. ಒಂದು ಆಹಾರ ಬಿಟ್ಟರೆ ತಟ್ಟೆಯಲ್ಲಿ ಆ ಜಾಗ ಖಾಲಿ ಉಳಿಯುವುದಿಲ್ಲ. ಯಾವುದರ ಬದಲಿಗೆ ಯಾವುದು ಎಂಬುದರ ಮೇಲೆ ಉತ್ತರ ತಿರುಗುತ್ತದೆ. ಪತ್ರಿಕೆಯ ತಲೆಬರಹಕ್ಕೆ ಮಾತ್ರ ಈ ‘ಬದಲಿಗೆ’ ಎಂಬ ಪದ ಯಾವತ್ತೂ ಹಿಡಿಸುವುದಿಲ್ಲ.

ಕುಸುಬಿ ಎಣ್ಣೆಯ ಕತೆಯನ್ನೇ ನೋಡಬಹುದು. 1966ರಿಂದ 1973ರವರೆಗೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, ಹೃದಯದ ತೊಂದರೆಯಾಗಿ ಚೇತರಿಸಿಕೊಂಡಿದ್ದ 458 ಗಂಡಸರ ಮೇಲೆ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿನವರು ಬೆಣ್ಣೆಯಂಥ ಕೊಬ್ಬು ಕಡಿಮೆ ಮಾಡಿ ಕುಸುಬಿ ಎಣ್ಣೆ, ಕುಸುಬಿ ಮಾರ್ಗರೀನ್ ತಿಂದರು. ಹಳೆಯ ಕಡತಗಳನ್ನು ಮತ್ತೆ ತೆರೆದು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದಾಗ, ಕುಸುಬಿ ಗುಂಪಿನಲ್ಲಿ ಸತ್ತವರು ಶೇ. 17.6, ಇನ್ನೊಂದರಲ್ಲಿ ಶೇ. 11.8 ಎಂದು ತಿಳಿಯಿತು. ಹಾಗೆಂದು ಬಾಗಲಕೋಟೆಯ ಮನೆಗಳಲ್ಲಿ ಕುಸುಬಿ ಎಣ್ಣೆಯ ಡಬ್ಬಿ ಎತ್ತಿ ಎಸೆಯಬೇಕೆ? ಅವಸರ ಬೇಡ. ಆ ಮಾರ್ಗರೀನ್‌ನಲ್ಲಿ ಟ್ರಾನ್ಸ್ ಕೊಬ್ಬು ಇದ್ದಿರಬಹುದು ಎಂಬ ವಾದವಿದೆ. ತಿಂದವರು ಮೊದಲೇ ಹೃದ್ರೋಗಿಗಳು. ಅವರ ಊಟದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ ಇರಲಿಲ್ಲ.

ತೆಂಗಿನೆಣ್ಣೆಯ ಪರ ನಿಂತವರ ಕೈಯಲ್ಲೂ ಪುರಾವೆ ಇಲ್ಲವೆಂದಲ್ಲ. ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಹೃದ್ರೋಗ ತಜ್ಞ ಡಾ. ಬಿ.ಎಂ. ಹೆಗ್ಡೆ 2006ರಲ್ಲೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ತಾಯಿಯ ಹಾಲನ್ನು ಬಿಟ್ಟರೆ ಇದೇ ಉತ್ತಮ ಕೊಬ್ಬು ಎಂಬ ಅರ್ಥದ ಲೇಖನ ಬರೆದಿದ್ದರು. ಕರಾವಳಿಯಲ್ಲಿ ಅವರ ಮಾತಿನ ತೂಕ ದೊಡ್ಡದು. ತೆಂಗಿನೆಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ, ತಾಯಿಯ ಹಾಲಿನಲ್ಲೂ ಅದು ಸ್ವಲ್ಪ ಇದೆ, ಇದು ನಿಜ. ಆದರೆ ಕೂಸಿಗೆ ಬೇಕಾದದ್ದೆಲ್ಲ ಅರವತ್ತರ ಅಜ್ಜನ ಹೃದಯಕ್ಕೂ ಬೇಕು ಎಂದು ಅದರಿಂದ ಸಿದ್ಧವಾಗುವುದಿಲ್ಲ.

ತೊಂಬತ್ತು ವರ್ಷ ಬದುಕಿದ ಅಜ್ಜನ ವಾದಕ್ಕೆ ಸಾಗರದಾಚೆಯ ಬೆಂಬಲವೂ ಸಿಕ್ಕಿದೆ. ಪೆಸಿಫಿಕ್ ಸಾಗರದ ಟೊಕೆಲಾವು ದ್ವೀಪದವರು ತಮಗೆ ಬೇಕಾದ ಶಕ್ತಿಯ ಶೇ. 63ನ್ನು ತೆಂಗಿನಿಂದಲೇ ಪಡೆಯುತ್ತಿದ್ದರು. ಆದರೂ ಅವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆ ವಿರಳ ಎಂದು 1981ರಲ್ಲಿ ಇಯಾನ್ ಪ್ರಯರ್ ಮತ್ತು ಸಂಗಡಿಗರು ವರದಿ ಮಾಡಿದರು. ಈ ಅಂಕಿ ಇಂದಿಗೂ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ಓಡಾಡುವಾಗ ಉಳಿದ ವಿವರ ಉದುರಿಹೋಗುತ್ತದೆ: ಅವರು ತಿನ್ನುತ್ತಿದ್ದದ್ದು ಹೆಚ್ಚಾಗಿ ತೆಂಗಿನಕಾಯಿ ಮತ್ತು ಮೀನು, ಸಕ್ಕರೆ ತೀರಾ ಕಡಿಮೆ, ದಿನವಿಡೀ ಮೈಮುರಿದು ದುಡಿಮೆ. ಅದೇ ಜನ ನ್ಯೂಜಿಲೆಂಡಿಗೆ ವಲಸೆ ಹೋದ ಮೇಲೆ ತೆಂಗು ಕಡಿಮೆಯಾಯಿತು, ಆದರೆ ಮೈತೂಕವೂ ರಕ್ತದೊತ್ತಡವೂ ಏರಿದವು. ಕಂಬಳದ ಗದ್ದೆ ಉತ್ತ ಅಜ್ಜನ ತೆಂಗಿನೆಣ್ಣೆ, ಬೆಂಗಳೂರಿನ ಕುರ್ಚಿಯಲ್ಲಿ ಹತ್ತು ಗಂಟೆ ಕೂತ ಮೊಮ್ಮಗನ ತೆಂಗಿನೆಣ್ಣೆ, ಎರಡೂ ಒಂದೇ ಗಾಣದ್ದಾದರೂ ಬೀಳುವ ಹೊಟ್ಟೆ ಬೇರೆ. ಇನ್ನೊಂದು ವಿಷಯ, ತೊಂಬತ್ತು ದಾಟಿದ ಅಜ್ಜನ ಸುದ್ದಿ ಎಲ್ಲರ ಬಾಯಲ್ಲೂ ಇರುತ್ತದೆ. ಐವತ್ತೆರಡಕ್ಕೇ ಎದೆ ಹಿಡಿದುಕೊಂಡು ಹೋದ ಅವರ ತಮ್ಮನನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ.

ಕೊಚ್ಚಿಯ ಅಮೃತಾ ಆಸ್ಪತ್ರೆಯ ವೈದ್ಯರು ಈ ಜಗಳವನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದರು. ಹೃದಯದ ಕಾಯಿಲೆ ಇದ್ದ 200 ಮಂದಿಯಲ್ಲಿ ಅರ್ಧ ಜನ ಎರಡು ವರ್ಷ ತೆಂಗಿನೆಣ್ಣೆಯಲ್ಲಿ, ಉಳಿದವರು ಸೂರ್ಯಕಾಂತಿ ಎಣ್ಣೆಯಲ್ಲಿ ಅಡುಗೆ ಮಾಡಿ ಉಂಡರು. 2016ರಲ್ಲಿ ಬಂದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತೆಂಗಿನ ಪರದವರಿಗೆ ಹಬ್ಬ. ಆದರೆ ಅವರೆಲ್ಲ ಹೃದಯದ ಚಿಕಿತ್ಸೆ ಪಡೆಯುತ್ತಲೇ ಇದ್ದವರು. ಔಷಧಿಯ ಬಲದ ಮುಂದೆ ಎಣ್ಣೆಯ ಸಣ್ಣ ಏರುಪೇರು ಕಾಣದೆಯೂ ಹೋಗಬಹುದು. 2018ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಆರೋಗ್ಯವಂತರಿಗೆ ನಾಲ್ಕು ವಾರ ದಿನಕ್ಕೆ 50 ಗ್ರಾಂ ಕೊಬ್ಬು ತಿನ್ನಿಸಿದಾಗ, ಬೆಣ್ಣೆ ಏರಿಸಿದಂತೆ ತೆಂಗಿನೆಣ್ಣೆ ಎಲ್‌ಡಿಎಲ್ ಏರಿಸಲಿಲ್ಲ. ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಮಾತ್ರ ಬೇರೆ ಮಾತಾಡಿತು. ಶೇಂಗಾ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲನ್ನು ಡೆಸಿಲೀಟರಿಗೆ ಸರಾಸರಿ ಹತ್ತು ಮಿಲಿಗ್ರಾಂನಷ್ಟು ಏರಿಸುತ್ತದೆ, ಒಳ್ಳೆಯ ಎಚ್‌ಡಿಎಲನ್ನೂ ನಾಲ್ಕರಷ್ಟು ಏರಿಸುತ್ತದೆ.

ಹತ್ತು ಮಿಲಿಗ್ರಾಂ. ಲ್ಯಾಬಿನ ವರದಿಯಲ್ಲಿ 120 ಇದ್ದದ್ದು 130 ಆಗುವುದು. ಸಕ್ಕರೆ ಕಾಯಿಲೆಯೋ ಬಿ.ಪಿ.ಯೋ ಇದ್ದು, ಮನೆತನದಲ್ಲಿ ಹೃದಯಾಘಾತದ ಚರಿತ್ರೆ ಇದ್ದವರಿಗೆ ಅದು ಲೆಕ್ಕಕ್ಕೆ ಬರುವಂಥದ್ದು. ಬಸಳೆ ಸಾರಿಗೆ ಒಂದು ಚಮಚದ ಒಗ್ಗರಣೆ ಹಾಕುವ, ಗದ್ದೆಯಲ್ಲಿ ಓಡಾಡುವ ಆರೋಗ್ಯವಂತನಿಗೆ ಬಹಳ ಸಣ್ಣದು. ತೆಂಗಿನೆಣ್ಣೆಯನ್ನು ‘ವಿಷ’ ಎಂದವರೂ ‘ಅಮೃತ’ ಎಂದವರೂ ಚಮಚದ ಲೆಕ್ಕವನ್ನೇ ಬಿಟ್ಟರು.

ಎಣ್ಣೆಯ ಬಳಕೆ ಹಾರ್ವರ್ಡ್ ಮಾತಿನಿಂದ ಎಷ್ಟು ಇಳಿಯಿತೋ, ಪೇಟೆಧಾರಣೆಯಿಂದ ಅದಕ್ಕಿಂತ ಹೆಚ್ಚು ಇಳಿಯಿತು. 2025ರ ನಡುವಿನಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿದಾಗ, ಏಳು ವರ್ಷ ಮಕ್ಕಳ ಮಾತಿಗೆ ಜಗ್ಗದಿದ್ದ ಅಮ್ಮಂದಿರೂ ಬಾಟಲಿಯನ್ನು ಬಗ್ಗಿಸಿ ಸುರಿಯುವುದನ್ನು ಬಿಟ್ಟು ಚಮಚ ಹುಡುಕಿದರು. ಹಪ್ಪಳ, ಸಂಡಿಗೆ ಕರಿಯಲು ಸೂರ್ಯಕಾಂತಿಯ ಪ್ಯಾಕೆಟ್ ಬಂತು. ಒಗ್ಗರಣೆಗೆ ಮಾತ್ರ ಹಳೆಯದೇ. ಸಾಸಿವೆ ಸಿಡಿದಾಗ ಆ ಪರಿಮಳ ಬರದಿದ್ದರೆ ಅದು ಸಾರೇ ಅಲ್ಲ ಎಂದು ಅವರ ವಾದ.