ನಿಮಗಿದು ಗೊತ್ತೆ? ಹೋರಿಯ ಓಟದ ಹಾದಿಗೂ ಅಳತೆಯುಂಟು

ಪೊಂಗಲ್ ಹಬ್ಬದ ಕಾಲಕ್ಕೆ ತಮಿಳುನಾಡಿನ ಗ್ರಾಮಗಳಲ್ಲಿ ಜರುಗುವ ಜಲ್ಲಿಕಟ್ಟು ಹೊರಗಿನವರ ಕಣ್ಣಿಗೆ ಕೇವಲ ನೂಕುನುಗ್ಗಲಾಗಿ ತೋರಬಹುದಾದರೂ, 'ವಾಡಿವಾಸಲ್' ಎಂಬ ಇಕ್ಕಟ್ಟಾದ ದ್ವಾರದಿಂದ ಚಿಮ್ಮಿದ ಹೋರಿಯು ತರುಣರ ಗುಂಪೆಂಬ ಅಡೆತಡೆಯನ್ನು ಭೇದಿಸಿ, ಇಕ್ಕೆಲದ ಬೇಲಿಗಳ ನಡುವೆ ಧಾವಿಸಿ, ಒಡೆಯರು ಕಾದಿರುವ ಅಂಗಳವನ್ನು ಸೇರುವ ಪರ್ಯಂತದ ಹಾದಿಯೆಲ್ಲವೂ ಇಂದು ನಿಯಮಬದ್ಧವಾದುದು. ಹಿಣಿಲನ್ನಲ್ಲದೆ ಕೊಂಬನ್ನಾಗಲಿ ಬಾಲವನ್ನಾಗಲಿ ಹಿಡಿಯಲಾಗದು. 15 ಮೀಟರು ದೂರ, ಇಲ್ಲವೆ ಮೂರು ನೆಗೆತಗಳವರೆಗೆ ಜೋತುಬಿದ್ದವನೇ ಗೆದ್ದವನು. ಯಾರಿಗೂ ಸಿಕ್ಕದಿದ್ದರೆ ಜಯವು ಹೋರಿಯದು. ಓಟಕ್ಕೆ ಮುನ್ನ ಪಶುವೈದ್ಯರ ಪರೀಕ್ಷೆ ಅನಿವಾರ್ಯ. ಇವೆಲ್ಲಕ್ಕಿಂತಲೂ ಕೊನೆಯ ಅಂಗಳವೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಬೆದರಿದ ಪಶುವು ಪ್ರೇಕ್ಷಕರತ್ತ ನುಗ್ಗದಂತೆ ತಡೆಯುವುದು ಅದೇ.

2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ನಿಷೇಧಿಸಿದ ಈ ಕ್ರೀಡೆಗಾಗಿ 2017ರ ಜನವರಿಯಲ್ಲಿ ಚೆನ್ನೈನ ಮರೀನಾ ಕಡಲತೀರದಲ್ಲಿ ಸಹಸ್ರಾರು ವಿದ್ಯಾರ್ಥಿಗಳೂ ಯುವಜನರೂ ಹಗಲಿರುಳೆನ್ನದೆ ನೆರೆದುದರ ಫಲವಾಗಿ, ಅದೇ ತಿಂಗಳ 23ರಂದು ಸೇಂಟ್ ಜಾರ್ಜ್ ಕೋಟೆಯಲ್ಲಿರುವ ವಿಧಾನಸಭೆಯು ಅದಕ್ಕೆ ಮತ್ತೆ ಅವಕಾಶವೀಯುವ ಕಾನೂನು ತಿದ್ದುಪಡಿಯನ್ನು ಅಂಗೀಕರಿಸಿತು. ನಮ್ಮ ಕರಾವಳಿಯ ಕಂಬಳಕ್ಕಾಗಿ ಕರ್ನಾಟಕವೂ ಅಂತಹುದೇ ಶಾಸನವನ್ನು ರಚಿಸಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಜಲ್ಲಿಕಟ್ಟು, ಕಂಬಳ, ಎತ್ತಿನಗಾಡಿ ಓಟಗಳಿಗೆ ಸಂಬಂಧಿಸಿದ ಮೂರು ರಾಜ್ಯಗಳ ತಿದ್ದುಪಡಿಗಳನ್ನು ಒಮ್ಮತದಿಂದ ಎತ್ತಿಹಿಡಿಯಿತು.