ಬಿಸಿಯಾದ ಎಂಜಿನ್ ಪುನಃ ಚಾಲನೆಯಾಗದಿರುವುದು: ಅಧಿಕ ಸಾಮರ್ಥ್ಯದ ಹಳೆಯ ಕಾರುಗಳ ಮಾಲೀಕರಿಗೆ ಮಾಹಿತಿ

ಮೋಟಾರು ವಾಹನಗಳ ಅಧಿನಿಯಮ, 1988ರನ್ವಯ ಖಾಸಗಿ ಕಾರಿನ ನೋಂದಣಿ ಪ್ರಮಾಣಪತ್ರವು 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ತದನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸಿ, 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕಾಗುತ್ತದೆ. 106 ಅಶ್ವಶಕ್ತಿಯ ಹೋಂಡಾ ಸಿಟಿ ವಿಟೆಕ್, ಟರ್ಬೊ ಅಳವಡಿಸಿದ 1.8 ಲೀಟರ್ ಎಂಜಿನ್ನಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಮೊದಲಾದ, 2000ರ ದಶಕದಲ್ಲಿ ಮಾರಾಟವಾದ ವೇಗದ ಪೆಟ್ರೋಲ್ ಕಾರುಗಳು ಇಂದು ಈ ಅವಧಿಯನ್ನು ಮೀರಿವೆ. ವಯಸ್ಸಾದ ಇಂತಹ ಕಾರುಗಳಲ್ಲಿ ಕಂಡುಬರುವ ಒಂದು ದೋಷವು ಮಾಲೀಕರನ್ನು ಬಹಳವಾಗಿ ಸತಾಯಿಸುತ್ತದೆ. ಬೆಳಿಗ್ಗೆ ಮನೆಯಲ್ಲಿ ಕೀಲಿ ತಿರುಗಿಸಿದೊಡನೆ ಚಾಲನೆಯಾದ ಕಾರು, ದಟ್ಟಣೆಯಲ್ಲಿ ಇಪ್ಪತ್ತು ಕಿಲೋಮೀಟರ್ ಬಂದು ತಪಾಸಣೆಯ ಸರದಿಯಲ್ಲಿ ನಿಂತ ಮೇಲೆ, ತನ್ನ ಸರದಿ ಬಂದಾಗ ಚಾಲನೆಯಾಗುವುದಿಲ್ಲ. ಒಂದು ಗಂಟೆ ಕಳೆದರೆ ಏನೂ ಆಗಿಲ್ಲವೆಂಬಂತೆ ಚಾಲನೆಯಾಗುತ್ತದೆ.

ಮೆಕ್ಯಾನಿಕ್ ಬರುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುವುದರಿಂದ ದೋಷವೂ ಮರೆಯಾಗಿರುತ್ತದೆ. ಆ ಬಳಿಕ ಊಹೆಯ ಮೇಲೆ ಮೊದಲು ಬ್ಯಾಟರಿ, ನಂತರ ಸ್ಪಾರ್ಕ್ ಪ್ಲಗ್, ಕೊನೆಗೆ ಇಂಧನ ಪಂಪು ಎಂದು ಒಂದೊಂದೇ ಬದಲಾಗುತ್ತವೆ. ದೋಷ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆದುದರಿಂದ ಈ ದೋಷದ ಪರೀಕ್ಷೆಯನ್ನು ಎಂಜಿನ್ ಬಿಸಿಯಾಗಿರುವಾಗ, ಅಂದರೆ ಕಾರು ಚಾಲನೆಯಾಗಲು ನಿರಾಕರಿಸಿದ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿಯೇ ಮಾಡತಕ್ಕದ್ದು. ಮಾಲೀಕರು ಸ್ವತಃ ನೋಡಿ, ಕೇಳಿ ಗಮನಿಸಬಹುದಾದ ಅಂಶಗಳನ್ನು ಮುಂದೆ ವಿವರಿಸಲಾಗಿದೆ.

ನಿಂತ ಮೇಲೆ ಶಾಖ ಏರುವುದೇಕೆ?

ಎಂಜಿನ್ ನಿಲ್ಲಿಸಿದೊಡನೆ ಅದು ತಣ್ಣಗಾಗತೊಡಗುತ್ತದೆ ಎಂಬ ತಿಳುವಳಿಕೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ನೀರಿನ ಪಂಪು ನಿಂತು, ಎದುರುಗಾಳಿಯೂ ಇಲ್ಲವಾಗುವುದರಿಂದ, ಲೋಹದಲ್ಲಿ ಅಡಗಿರುವ ಶಾಖವು ಸುತ್ತಲಿನ ತಂತಿ, ಕೊಳವೆ ಮತ್ತು ಸೆನ್ಸರುಗಳಿಗೆ ಹರಿದು ಬಾನೆಟ್‌ನ ಒಳಗಿನ ಉಷ್ಣಾಂಶವು ಕೆಲಕಾಲ ಏರುತ್ತಲೇ ಇರುತ್ತದೆ. ಟರ್ಬೊ ಇರುವ ಕಾರುಗಳಲ್ಲಿ ಈ ಏರಿಕೆ ಹೆಚ್ಚು. ಚಾರ್ಮಾಡಿ ಘಾಟಿಯನ್ನು ಎರಡನೇ ಗೇರಿನಲ್ಲಿ ಹತ್ತಿ, ಕೊಟ್ಟಿಗೆಹಾರದಲ್ಲಿ ಚಹಾ ಕುಡಿಯಲು ನಿಂತ ಕಾರು ಅಲ್ಲಿಯೇ ಉಳಿದುಬಿಡುವುದಕ್ಕೆ ಇದೇ ಕಾರಣ. ಅದೇ ಕಾರು ಘಾಟಿ ಇಳಿದು ಉಜಿರೆಯಲ್ಲಿ ನಿಂತಾಗ ತೊಂದರೆ ಕೊಡದೆ ಇರಬಹುದು. ಯಾವ ಬಗೆಯ ಓಟದ ನಂತರ, ಎಷ್ಟು ನಿಮಿಷ ನಿಂತ ಮೇಲೆ ದೋಷ ಕಾಣಿಸಿಕೊಂಡಿತೆಂಬುದನ್ನು ಬರೆದಿಟ್ಟುಕೊಂಡಲ್ಲಿ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮಾಡಿಕೊಟ್ಟಂತಾಗುತ್ತದೆ.

ಮೊದಲ ಪ್ರಶ್ನೆ: ಸೆಲ್ಫ್ ತಿರುಗುತ್ತಿದೆಯೇ?

ಗ್ಯಾರೇಜುಗಳಲ್ಲಿ ಸೆಲ್ಫ್ ಎಂದೇ ಕರೆಯಲ್ಪಡುವ ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ತಿರುಗಿಸುತ್ತಿದೆಯೇ ಇಲ್ಲವೇ ಎಂಬುದರ ಮೇಲೆ ಮುಂದಿನ ಹಾದಿಯೆಲ್ಲವೂ ಬೇರೆಯಾಗುತ್ತದೆ. ಕೀಲಿ ತಿರುಗಿಸಿದಾಗ ಬರೀ ಟಕ್ ಎಂಬ ಸದ್ದಾದಲ್ಲಿ, ಅಥವಾ ಎಂಜಿನ್ ಎಳೆದು ಎಳೆದು ತಿರುಗಿದಲ್ಲಿ, ಪೆಟ್ರೋಲ್ ಕೊಳವೆಗೆ ಕೈ ಹಾಕುವ ಅಗತ್ಯವೇ ಇರುವುದಿಲ್ಲ. ತಾಮ್ರದ ತಂತಿಯ ವಿದ್ಯುತ್ ರೋಧವು 20 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಗೆ ಏರಿದಾಗ ಸುಮಾರು ಶೇ. 30ರಷ್ಟು ಹೆಚ್ಚುತ್ತದೆ. ನಿಷ್ಕಾಸ ಕೊಳವೆಯ ಪಕ್ಕದಲ್ಲಿರುವ ಸ್ಟಾರ್ಟರ್, ತಣ್ಣಗಿದ್ದಾಗ ಹೇಗೋ ನಿಭಾಯಿಸುವ ಸಡಿಲ ಅಥವಾ ತುಕ್ಕು ಹಿಡಿದ ಸಂಪರ್ಕವನ್ನು ಬಿಸಿಯಲ್ಲಿ ನಿಭಾಯಿಸಲಾರದು.

ಈ ಹಂತದಲ್ಲಿ ವೋಲ್ಟ್ ಮೀಟರಿನಿಂದ ಬ್ಯಾಟರಿಯನ್ನು ಅಳೆಯತಕ್ಕದ್ದು. ಪೂರ್ಣ ಚಾರ್ಜ್ ಆದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಒತ್ತಿದಾಗ ಅದು 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಶಂಕಿಸಬೇಕು. ಬ್ಯಾಟರಿ ಸರಿಯಿದ್ದು, ಸೆಲ್ಫ್ ಒತ್ತುತ್ತಿರುವಾಗ ಅದರ ಧನ ತುದಿ ಮತ್ತು ಸ್ಟಾರ್ಟರಿನ ದಪ್ಪ ತಂತಿಯ ತುದಿಯ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟ ಕಂಡುಬಂದಲ್ಲಿ ತಂತಿ ಅಥವಾ ಅದರ ಜೋಡಣೆ ಕೆಟ್ಟಿದೆ. ಎಂಜಿನ್ ಮತ್ತು ಕಾರಿನ ಒಡಲಿನ ನಡುವಿನ ಅರ್ಥ್ ಪಟ್ಟಿಯನ್ನೂ ಇದೇ ರೀತಿ ಪರೀಕ್ಷಿಸತಕ್ಕದ್ದು. ಕೆಲವು ನೂರು ರೂಪಾಯಿಗಳ ಈ ಪಟ್ಟಿಯನ್ನು ನೋಡದೆ ಹೊಸ ಸ್ಟಾರ್ಟರ್ ಕೊಳ್ಳುವುದು ದುಂದುವೆಚ್ಚವೇ ಸರಿ. ಸ್ಟಾರ್ಟರನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದಾಗ ತಿರುಗಿತೆಂದರೆ, ಒಳಗಿನ ಕಾರ್ಬನ್ ಬ್ರಷ್‌ಗಳು ಸವೆದಿರುವ ಸಂಭವ ಹೆಚ್ಚು.

ಸೆಲ್ಫ್ ತಿರುಗಿಯೂ ಎಂಜಿನ್ ಹಿಡಿಯದಿದ್ದಲ್ಲಿ

ಆಗ ಉಳಿಯುವುದು ಎರಡೇ: ಕಿಡಿ ಇಲ್ಲ, ಇಲ್ಲವೇ ತಕ್ಕ ಪ್ರಮಾಣದಲ್ಲಿ ಇಂಧನವಿಲ್ಲ. ಸೆಲ್ಫ್ ತಿರುಗುತ್ತಿರುವಾಗ ಆರ್‌ಪಿಎಂ ಮುಳ್ಳನ್ನು ಗಮನಿಸತಕ್ಕದ್ದು. ಅನೇಕ ಕಾರುಗಳಲ್ಲಿ ಆ ಮುಳ್ಳು ಅಲ್ಪಸ್ವಲ್ಪ ಮೇಲೇಳುತ್ತದೆ. ತಣ್ಣಗಿದ್ದಾಗ ಏಳುವ ಮುಳ್ಳು ಬಿಸಿಯಲ್ಲಿ ಸೊನ್ನೆಯಲ್ಲಿಯೇ ಉಳಿದರೆ, ಕ್ರ್ಯಾಂಕ್‌ಶಾಫ್ಟಿನ ತಿರುಗುವಿಕೆಯನ್ನು ಅಳೆಯುವ ಸೆನ್ಸರಿನ ಮೇಲೆ ಸಂಶಯಪಡಬಹುದು. ಈ ಸೆನ್ಸರಿನ ಒಳಗಿನ ಕೂದಲೆಳೆಯಂತಹ ಸುರುಳಿಯು ಬಿರುಕುಬಿಟ್ಟಿದ್ದರೆ, ಶಾಖಕ್ಕೆ ಹಿಗ್ಗಿದಾಗ ಸಂಪರ್ಕ ತಪ್ಪಿ, ತಣಿದಾಗ ಕೂಡಿಕೊಳ್ಳುತ್ತದೆ. ಆಕ್ಟೇವಿಯಾ ಆರ್‌ಎಸ್‌ನ 1.8 ಟರ್ಬೊ ಎಂಜಿನ್ನಿನಲ್ಲಿ ಇದು ಚಿರಪರಿಚಿತ ದೋಷವಾಗಿದೆ. ಕೀಲಿಯನ್ನು ತೆಗೆದು, ಸೆನ್ಸರಿಗೆ ಕೈ ಎಟಕುವಂತಿದ್ದಲ್ಲಿ ಮಾತ್ರ ಅದರ ಮೇಲೆ ಒದ್ದೆ ಬಟ್ಟೆಯನ್ನು ಎರಡು ಮೂರು ನಿಮಿಷ ಇರಿಸಿ ಪುನಃ ಪ್ರಯತ್ನಿಸಬಹುದು. ಕೂಡಲೇ ಚಾಲನೆಯಾದರೆ ಅದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ಸ್ಕ್ಯಾನರಿನಲ್ಲಿ ಯಾವುದೇ ದೋಷ ಸಂಕೇತ ದಾಖಲಾಗಿಲ್ಲವೆಂಬ ಕಾರಣಕ್ಕೆ ಈ ಸೆನ್ಸರನ್ನು ನಿರ್ದೋಷಿಯೆಂದು ಬಿಟ್ಟುಬಿಡುವಂತಿಲ್ಲ. ಡಿಸ್ಟ್ರಿಬ್ಯೂಟರ್ ಇರುವ ಕಾರುಗಳಲ್ಲಿ ಅದರೊಳಗಿನ ಇಗ್ನೈಟರ್ ಸಹ ಇದೇ ರೀತಿ ಶಾಖಕ್ಕೆ ಸೋಲುತ್ತದೆ.

ಇಂಧನದ ಕಡೆಗೆ ಕಿವಿಯೇ ಸಾಕು. ಕೀಲಿಯನ್ನು ಆನ್ ಸ್ಥಾನಕ್ಕೆ ತಂದಾಗ ಹಿಂಬದಿಯಿಂದ ಸುಮಾರು ಎರಡು ಸೆಕೆಂಡು ಪಂಪಿನ ಗುಂಯ್ ಎಂಬ ಸದ್ದು ಕೇಳಿಸಬೇಕು. ಹಳೆಯ ಹೋಂಡಾ ಕಾರುಗಳಲ್ಲಿ ಈ ಪಂಪಿಗೆ ವಿದ್ಯುತ್ ಒದಗಿಸುವ ಮುಖ್ಯ ರಿಲೇ ಇರುವುದು ಎಂಜಿನ್ ಬಳಿಯಲ್ಲ, ಡ್ಯಾಶ್‌ಬೋರ್ಡಿನ ಕೆಳಗೆ. ವರ್ಷಗಳು ಕಳೆದಂತೆ ಅದರ ಬೆಸುಗೆಗಳಲ್ಲಿ ಬಿರುಕು ಮೂಡುತ್ತದೆ. ಕಿಟಕಿ ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದಾಗ ಮಾತ್ರ ಕಾರು ಚಾಲನೆಯಾಗದೆ, ಪಂಪು ಮೌನವಾಗಿದ್ದು, ಬಾಗಿಲು ತೆರೆದು ಗಾಳಿಯಾಡಿಸಿದ ನಂತರ ಸರಿಹೋಗುತ್ತಿದ್ದಲ್ಲಿ ಈ ರಿಲೇಯನ್ನೇ ಮೊದಲು ತೆರೆದು ನೋಡತಕ್ಕದ್ದು. ಬೇಸಿಗೆಯ ಕಲಬುರಗಿ, ರಾಯಚೂರಿನಲ್ಲಿ ಪ್ರಕಟವಾಗುವ ದೋಷವು ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಸುಪ್ತವಾಗಿರಬಹುದು.

ಪಂಪಿನ ಸದ್ದು ಇದ್ದೂ ಎಂಜಿನ್ ಹಿಡಿಯದಿದ್ದಲ್ಲಿ, ಸೆಲ್ಫ್ ಒತ್ತದೆಯೇ ಕೀಲಿಯನ್ನು ಮೂರು ಬಾರಿ ಆನ್ ಮತ್ತು ಆಫ್ ಮಾಡಿ, ನಂತರ ಪ್ರಯತ್ನಿಸಬೇಕು. ಈ ಕ್ರಮದಿಂದ ಚಾಲನೆಯಾದರೆ, ಎಂಜಿನ್ ನಿಂತ ಮೇಲೆ ಇಂಧನ ಕೊಳವೆಯಲ್ಲಿ ಉಳಿಯಬೇಕಾದ ಒತ್ತಡವು ಸೋರಿಹೋಗುತ್ತಿದೆ ಎಂದರ್ಥ. ಒತ್ತಡವಿಲ್ಲದ ಬಿಸಿ ಕೊಳವೆಯಲ್ಲಿ ಪೆಟ್ರೋಲ್ ಆವಿಯಾಗಿ, ಇಂಜೆಕ್ಟರಿಗೆ ದ್ರವದ ಬದಲು ಗುಳ್ಳೆಗಳು ತಲಪುತ್ತವೆ. ಪಂಪಿನೊಳಗಿನ ಹಿಂದಿರುಗದ ಕವಾಟ, ಒತ್ತಡ ನಿಯಂತ್ರಕ, ಇಂಜೆಕ್ಟರ್ ಈ ಮೂರರಲ್ಲಿ ಸೋರಿಕೆ ಎಲ್ಲಿದೆಯೆಂಬುದನ್ನು ಒತ್ತಡ ಮಾಪಕ ಜೋಡಿಸಿ ಅರಿಯಬೇಕಾಗಿರುವುದರಿಂದ ಈ ಕೆಲಸವನ್ನು ಗ್ಯಾರೇಜಿಗೆ ಬಿಡತಕ್ಕದ್ದು. ಬಿಸಿ ಎಂಜಿನ್ನಿನ ಮೇಲೆ ಇಂಧನ ಕೊಳವೆಯನ್ನು ಮಾಲೀಕರು ಯಾವ ಕಾರಣಕ್ಕೂ ಬಿಚ್ಚಕೂಡದು. ಕಾರು ಬೆಂಕಿಗೆ ಆಹುತಿಯಾಗಲು ಒಂದು ಹನಿ ಸಾಕು.

ಇದಕ್ಕೆ ವ್ಯತಿರಿಕ್ತವಾಗಿ ಪೆಟ್ರೋಲಿನ ಕಟುವಾಸನೆ ಬಂದು, ಚಾಲನೆಯಾದಾಗ ಕಪ್ಪು ಹೊಗೆ ಉಗುಳಿದರೆ ಇಂಧನ ಅತಿಯಾಗಿದೆ. ಆಕ್ಸಿಲರೇಟರನ್ನು ಪೂರ್ಣ ಅದುಮಿ ಸೆಲ್ಫ್ ಒತ್ತಿದಾಗ ಅನೇಕ ಕಾರುಗಳಲ್ಲಿ ಇಂಧನ ಸಿಂಪಡಣೆ ನಿಲ್ಲುತ್ತದೆ. ಆಗ ಎಂಜಿನ್ ಹಿಡಿದರೆ ಈ ನಿರ್ಣಯ ದೃಢಪಡುತ್ತದೆ. ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಅಥವಾ ನೀರಿನ ಉಷ್ಣಾಂಶದ ಸೆನ್ಸರು ಬಿಸಿ ಎಂಜಿನ್ನನ್ನು ತಣ್ಣಗಿದೆಯೆಂದು ತಪ್ಪಾಗಿ ವರದಿ ಮಾಡುತ್ತಿರಬಹುದು.

ಮಾಡಬಾರದ ಕೆಲಸಗಳು

ಬಿಸಿ ರೇಡಿಯೇಟರಿನ ಮುಚ್ಚಳವನ್ನು ತೆರೆಯಕೂಡದು. ಕೀಲಿ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದಾದ್ದರಿಂದ ಅದರಿಂದ ಕೈಗಳನ್ನು ದೂರವಿರಿಸತಕ್ಕದ್ದು. ತಳ್ಳಿ ಚಾಲನೆ ಮಾಡುವ ಯತ್ನದಲ್ಲಿ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅದನ್ನು ಹಾಳುಮಾಡುತ್ತದೆ. ಎಂಜಿನ್ ತಂಪಾಗಿರಲೆಂದು ಥರ್ಮೋಸ್ಟಾಟನ್ನೇ ತೆಗೆದುಹಾಕುವ ರೂಢಿ ಕೆಲವೆಡೆ ಇದೆ. ಇದರಿಂದ ಎಂಜಿನ್ ಸದಾ ತಣ್ಣಗಿದ್ದು ಇಂಧನ ವ್ಯಯ ಮತ್ತು ಹೊಗೆ ಹೆಚ್ಚುತ್ತವೆ. ಮೂಲ ದೋಷಕ್ಕೂ ಇದಕ್ಕೂ ಬಹುಪಾಲು ಸಂಬಂಧವೇ ಇರುವುದಿಲ್ಲ.

ಸಾಮರ್ಥ್ಯ ಹೆಚ್ಚಿಸುವ ಉದ್ದೇಶದಿಂದ ದೊಡ್ಡ ಟರ್ಬೊ ಅಥವಾ ಬೇರೆ ನಿಷ್ಕಾಸ ಕೊಳವೆ ಅಳವಡಿಸಿ, ಮೂಲ ಶಾಖ ತಡೆ ತಗಡನ್ನು ಕಿತ್ತುಹಾಕಿದ ಕಾರುಗಳಲ್ಲಿ ಮೊದಲು ಆ ತಗಡನ್ನು ಮರಳಿ ಕೂರಿಸತಕ್ಕದ್ದು. ತಯಾರಕರ ಮೂಲ ವಿವರಗಳಿಗೆ ಭಿನ್ನವಾದ ಮಾರ್ಪಾಡುಗಳನ್ನು ಅಧಿನಿಯಮದ ಪ್ರಕರಣ 52 ನಿರ್ಬಂಧಿಸುವುದರಿಂದ, ಅಂತಹ ಕಾರು ಚಾಲನೆಯಾಗಿ ತಪಾಸಣೆಗೆ ಬಂದರೂ ನವೀಕರಣಕ್ಕೆ ತೊಡಕಾಗಬಹುದು.

ನೋಂದಣಿಯ ಅವಧಿ ಮುಗಿಯುವ ದಿನಾಂಕಕ್ಕೆ 60 ದಿನ ಮುಂಚಿನಿಂದಲೇ ನಮೂನೆ 25ರ ಅರ್ಜಿ ಸಲ್ಲಿಸಲು ಅವಕಾಶವಿದ್ದು, ವಿಳಂಬವಾದಲ್ಲಿ ಹೆಚ್ಚುವರಿ ಶುಲ್ಕ ತೆರಬೇಕಾಗುತ್ತದೆ. ಈ ದೋಷವಿರುವ ಕಾರುಗಳ ಮಾಲೀಕರು ಅರ್ಜಿ ಸಲ್ಲಿಸುವ ಮುನ್ನ ಒಮ್ಮೆ ಅರ್ಧ ಗಂಟೆ ಓಡಿಸಿ, ಹದಿನೈದು ನಿಮಿಷ ನಿಲ್ಲಿಸಿ, ಪುನಃ ಚಾಲನೆ ಮಾಡಿ ನೋಡುವುದು. ಈ ಪರೀಕ್ಷೆಯನ್ನು ಗ್ಯಾರೇಜಿನ ಬಾಗಿಲಿನಲ್ಲಿಯೇ ಮಾಡಿದರೆ ಉತ್ತಮ.