ಕಡಲಿಲ್ಲದ ನಾಡಿನ ಕೈಗಾರಿಕೆ: ನೇಪಾಳದ ಸ್ಪರ್ಧಾಸಾಮರ್ಥ್ಯವನ್ನು ಕುರಿತು

ಜಲಮಾರ್ಗದ ಸೌಕರ್ಯವುಳ್ಳ ತೀರಪ್ರದೇಶಗಳಲ್ಲಿಯೇ ಶ್ರಮವಿಭಜನೆಯೂ ಕೈಗಾರಿಕೆಯೂ ಮೊದಲು ಬೆಳೆದುವೆಂದೂ, ಒಳನಾಡುಗಳು ಬಹುಕಾಲ ಹಿಂದೆ ಉಳಿದುವೆಂದೂ ಆ್ಯಡಮ್ ಸ್ಮಿತ್ 1776ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ವಾದಿಸಿದನು. ರೈಲು, ಲಾರಿ, ವಿಮಾನಗಳು ಬಂದ ಮೇಲೂ ಈ ಮಾತು ಪೂರ್ಣವಾಗಿ ಹಳತಾಗಿಲ್ಲ. ಸ್ವಂತ ಕಡಲ ತೀರವಿಲ್ಲದೆ ಪರದೇಶಗಳ ನೆಲದಿಂದ ಆವೃತವಾಗಿರುವ ಅಭಿವೃದ್ಧಿಶೀಲ ರಾಷ್ಟ್ರಗಳು 32 ಎಂದು ವಿಶ್ವಸಂಸ್ಥೆಯು ಗಣಿಸಿದೆ. ಅವುಗಳ ಪೈಕಿ ನೇಪಾಳವನ್ನು ನಾವು ಇಲ್ಲಿ ವಿವೇಚನೆಗೆ ಎತ್ತಿಕೊಂಡಿದ್ದೇವೆ. ಅದು ನಮ್ಮ ನೆರೆಯ ರಾಷ್ಟ್ರ. ಅದರ ಕಡಲ ಬಾಗಿಲು ನಮ್ಮ ದೇಶದ ಬಂದರುಗಳೇ. ಅಲ್ಲಿನ ಕಾರ್ಖಾನೆಗಳ ಏಳುಬೀಳುಗಳಲ್ಲಿ ನಮ್ಮ ಸುಂಕನೀತಿಯ ಪಾತ್ರವೂ ಅಲ್ಪವಲ್ಲ. ಆ ದೇಶದ ರಾಷ್ಟ್ರೀಯ ಉತ್ಪನ್ನದಲ್ಲಿ ತಯಾರಿಕಾ ಕೈಗಾರಿಕೆಯ ಪಾಲು 1990ರ ದಶಕದ ಮಧ್ಯದಲ್ಲಿ ಶೇಕಡ 9ರಷ್ಟಿದ್ದುದು ಈಚೆಗೆ ಶೇಕಡ 5ರ ಆಸುಪಾಸಿಗೆ ಇಳಿದಿದೆ. ಬೆಳೆಯಬೇಕಾದ ವಯಸ್ಸಿನಲ್ಲಿ ಕ್ಷೀಣಿಸಿದ ಈ ಕೈಗಾರಿಕೆಯ ರೋಗಮೂಲವೇನು?

ದೂರವೇ ಕಾರಣವೆಂದು ಹೇಳಿಬಿಡುವುದು ಸುಲಭ. ಆದರೆ ದೂರವನ್ನು ಅಳೆದು ನೋಡಿದರೆ ಈ ಸಮಾಧಾನ ನಿಲ್ಲುವುದಿಲ್ಲ. ನೇಪಾಳದ ಮುಖ್ಯ ಹೆಬ್ಬಾಗಿಲಾದ ಬೀರ್‌ಗಂಜಿನಿಂದ ಕೋಲ್ಕತ್ತ ಬಂದರಿಗೆ ರೈಲುಮಾರ್ಗ ಸುಮಾರು 700 ಕಿಲೋಮೀಟರು. ಪಂಜಾಬಿನ ಲೂಧಿಯಾನದಿಂದ ಗುಜರಾತಿನ ಕಂಡ್ಲಾ ಬಂದರಿಗೆ ಸಾವಿರ ಕಿಲೋಮೀಟರಿಗೂ ಮಿಗಿಲು. ಹಾಗಿದ್ದರೂ ಲೂಧಿಯಾನದ ಉಣ್ಣೆಯ ಉಡುಪುಗಳೂ ಬೈಸಿಕಲ್ ಬಿಡಿಭಾಗಗಳೂ ಪರದೇಶಗಳ ಪೇಟೆಯನ್ನು ಮುಟ್ಟುತ್ತವೆ. ಲೂಧಿಯಾನದ ವರ್ತಕನು ದಾರಿಯಲ್ಲಿ ಯಾವ ಅಂತರರಾಷ್ಟ್ರೀಯ ಗಡಿಯನ್ನೂ ದಾಟುವುದಿಲ್ಲ; ಬೀರ್‌ಗಂಜಿನ ವರ್ತಕನು ದಾಟುತ್ತಾನೆ. ಎರಡು ಸುಂಕದ ಇಲಾಖೆಗಳು, ಎರಡು ಬಗೆಯ ದಾಖಲೆಗಳು, ಅನ್ಯರಾಷ್ಟ್ರದ ಬಂದರಿನ ದಟ್ಟಣೆ ಇವೆಲ್ಲವೂ ಅವನ ಸರಕಿನ ಜೊತೆಗೆ ಪ್ರಯಾಣ ಮಾಡುತ್ತವೆ.

ಈ ವ್ಯತ್ಯಾಸವು ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿ ಹೇಗೆ ಮೂಡುವುದೆಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಕೇವಲ ನಿದರ್ಶನಕ್ಕಾಗಿ ಒಂದು ನೂಲಿನ ಗಿರಣಿಯನ್ನು ಕಲ್ಪಿಸಿಕೊಳ್ಳೋಣ. ಕಚ್ಚಾಮಾಲು ಬಂದರಿನಿಂದ ನಿಶ್ಚಯವಾಗಿ 20 ದಿನಗಳಲ್ಲಿ ಬರುವುದಾದರೆ, ಮಾಲೀಕನು 20 ದಿನಗಳಿಗೆ ಸಾಲುವಷ್ಟು ದಾಸ್ತಾನನ್ನು ಇಟ್ಟುಕೊಂಡು ನಿಶ್ಚಿಂತನಾಗಿರಬಹುದು. ಅದೇ ಮಾಲು ಒಮ್ಮೆ 15 ದಿನಗಳಲ್ಲಿಯೂ ಮತ್ತೊಮ್ಮೆ 45 ದಿನಗಳಲ್ಲಿಯೂ ಬರುವುದಾದರೆ, ಯಂತ್ರಗಳು ನಿಲ್ಲಬಾರದೆಂಬ ಭಯದಿಂದ ಅವನು 45 ದಿನಗಳ ದಾಸ್ತಾನನ್ನು ಇಡಲೇಬೇಕು. ಸರಾಸರಿ ದಿನಗಳು ಕಡಿಮೆಯಿದ್ದರೂ ಅವನ ಹೊರೆ ಇಳಿಯದು. ಅವನ ಬಂಡವಾಳವನ್ನು ಕಟ್ಟಿಹಾಕುವುದು ಅತಿಕೆಟ್ಟ ದಿನವೇ. ಹೀಗೆ ಗೋದಾಮಿನಲ್ಲಿ ನಿದ್ರಿಸುವ ಹಣಕ್ಕೆ ಬಡ್ಡಿ, ಬಂದರಿನಲ್ಲಿ ತಡವಾದುದಕ್ಕೆ ಡೆಮರೇಜು, ಕಂಟೇನರನ್ನು ಹಿಂದಿರುಗಿಸಲು ವಿಳಂಬವಾದರೆ ಹಡಗಿನ ಕಂಪನಿಗೆ ಮತ್ತೊಂದು ದಂಡ. ಬಡ್ಡಿಯ ದರ ಹೆಚ್ಚಾಗಿರುವ ಬಡದೇಶದಲ್ಲಿ ಈ ವೆಚ್ಚ ಲಾರಿಯ ಬಾಡಿಗೆಯನ್ನು ಮೀರಿಸಬಲ್ಲದು. ಹಬ್ಬದ ಋತುವಿಗೆ ಸರಕು ಬೇಕೆಂದು ಕರಾರು ಮಾಡಿಕೊಂಡ ವಿದೇಶಿ ಗಿರಾಕಿಯು ಒಮ್ಮೆ ತಡವಾದರೆ ಮುಂದಿನ ವರ್ಷ ಬೇರೆ ದೇಶವನ್ನು ಹುಡುಕುತ್ತಾನೆ; ಆ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣಿಸದು. ಕಡಲಿಲ್ಲದ ದೇಶವು ತೆರುವ ನಿಜವಾದ ಕಪ್ಪವು ಈ ಅನಿಶ್ಚಯವೇ ಎಂಬುದು ನಮ್ಮ ಅಭಿಪ್ರಾಯ.

ಅನಿಶ್ಚಯಕ್ಕೆ ರಾಜಕೀಯ ಮುಖವೂ ಉಂಟು. ಕಡಲಿಲ್ಲದ ದೇಶಗಳಿಗೆ ನೆರೆಯ ನೆಲದ ಮೂಲಕ ಹಾದುಹೋಗುವ ಹಕ್ಕನ್ನು 1965ರ ನ್ಯೂಯಾರ್ಕ್ ಒಡಂಬಡಿಕೆಯೂ, 1982ರ ಸಮುದ್ರ ಕಾನೂನಿನ ಒಡಂಬಡಿಕೆಯ 125ನೆಯ ವಿಧಿಯೂ ಮಾನ್ಯ ಮಾಡಿವೆ. ಆದರೆ ಹಕ್ಕಿನ ವಿವರಗಳನ್ನು ಸಂಬಂಧಪಟ್ಟ ದೇಶಗಳೇ ಕೂಡಿ ನಿರ್ಧರಿಸಬೇಕಾದುದರಿಂದ, ಹಕ್ಕು ಕಾಗದದ ಮೇಲಿದ್ದರೂ ಬೀಗದ ಕೈ ನೆರೆಯವನ ಬಳಿಯೇ ಉಳಿಯುತ್ತದೆ. ಭಾರತ ನೇಪಾಳಗಳ ನಡುವೆ 1950ರಲ್ಲಿ ವಾಣಿಜ್ಯ ಒಪ್ಪಂದವಾಯಿತು. 1960ರಲ್ಲಿ ಅದು ಪರಿಷ್ಕೃತವಾಯಿತು. 1978ರಲ್ಲಿ ವ್ಯಾಪಾರಕ್ಕೂ ಸಾಗಣೆಗೂ ಪ್ರತ್ಯೇಕ ಒಪ್ಪಂದಗಳಾದುವು. ಇವುಗಳ ಅವಧಿ 1989ರ ಮಾರ್ಚಿಯಲ್ಲಿ ಮುಗಿದು ನವೀಕರಣವಾಗದೆ ಹೋದಾಗ, ಎರಡು ಸ್ಥಳಗಳನ್ನು ಬಿಟ್ಟು ಉಳಿದ ಗಡಿಮಾರ್ಗಗಳೆಲ್ಲ ವ್ಯಾಪಾರಕ್ಕೆ ಮುಚ್ಚಿದುವು. ಮರುವರ್ಷ ಉಭಯ ಸರ್ಕಾರಗಳಲ್ಲಿಯೂ ಬದಲಾವಣೆಗಳಾದ ಮೇಲೆಯೇ ಪೂರ್ವಸ್ಥಿತಿ ಮರಳಿತು. ಪುನಃ 2015ರ ಸೆಪ್ಟೆಂಬರಿನಲ್ಲಿ ನೇಪಾಳದ ನೂತನ ಸಂವಿಧಾನ ಜಾರಿಗೆ ಬಂದ ಬಳಿಕ ಹಲವು ತಿಂಗಳು ಬೀರ್‌ಗಂಜಿನ ಗಡಿಯಲ್ಲಿ ಸಾಗಣೆ ಸ್ತಬ್ಧವಾಯಿತು. ಅದರ ಹೊಣೆ ಯಾರದೆಂಬ ವಿವಾದದಲ್ಲಿ ನಾವು ಇಲ್ಲಿ ತೊಡಗುವುದಿಲ್ಲ. ಭೂಕಂಪದಿಂದ ಆಗತಾನೆ ತತ್ತರಿಸಿದ್ದ ದೇಶದಲ್ಲಿ ಇಂಧನವಿಲ್ಲದೆ ಕಾರ್ಖಾನೆಗಳು ನಿಂತುವೆಂಬುದು ಮಾತ್ರ ನಿರ್ವಿವಾದ.

ಉತ್ತರದ ಬಾಗಿಲು ಇದೆಯಲ್ಲವೆ ಎಂದು ಕೇಳಬಹುದು. ಚೀನದೊಡನೆ 2016ರಲ್ಲಿ ಸಾಗಣೆಯ ಒಪ್ಪಂದವಾಗಿದೆ, ದಿಟ. ಆದರೆ ಅಲ್ಲಿ ದೊರೆಯುವ ತಿಯಾನ್‌ಜಿನ್ ಬಂದರು 3,000 ಕಿಲೋಮೀಟರಿಗೂ ಆಚೆಗಿದೆ; ಹಿಮಾಲಯದ ರಸ್ತೆಗಳು ಭೂಕುಸಿತಕ್ಕೂ ಪ್ರವಾಹಕ್ಕೂ ಪದೇ ಪದೇ ಬಲಿಯಾಗುತ್ತವೆ. ರಸುವಾಗಢಿಯ ಗಡಿಸೇತುವೆ 2025ರ ಜುಲೈಯಲ್ಲಿ ನದಿಯ ಪಾಲಾಯಿತು. ದಕ್ಷಿಣದ ಮಾರ್ಗವನ್ನು ಉತ್ತಮಪಡಿಸುವುದೇ ಹೆಚ್ಚು ಫಲಕಾರಿ. ಬೀರ್‌ಗಂಜಿನ ಸಿರ್ಸಿಯಾದಲ್ಲಿ ರೈಲುಸಂಪರ್ಕವುಳ್ಳ ಒಣ ಬಂದರು 2004ರಲ್ಲಿ ಕೆಲಸ ಆರಂಭಿಸಿತು. ಮುಂದೆ ವಿಶಾಖಪಟ್ಟಣದ ಬಂದರೂ ನೇಪಾಳದ ಸರಕಿಗೆ ತೆರೆಯಿತು. ಕಂಟೇನರುಗಳಿಗೆ ವಿದ್ಯುನ್ಮಾನ ಮುದ್ರೆ ಹಾಕಿ ಅವುಗಳ ಜಾಡನ್ನು ದಾರಿಯುದ್ದಕ್ಕೂ ಗಮನಿಸುವ ವ್ಯವಸ್ಥೆಯಿಂದ ನಡುವಣ ತಪಾಸಣೆಗಳು ಕಡಿಮೆಯಾದುವು. ಇವು ಸಣ್ಣ ಸುಧಾರಣೆಗಳಂತೆ ತೋರಿದರೂ, ಮೇಲೆ ಹೇಳಿದ 45 ದಿನಗಳನ್ನು 30ಕ್ಕೆ ಇಳಿಸುವ ಉಪಾಯಗಳು ಇಂಥವೇ.

ಇನ್ನು ಸುಂಕದ ವಿಚಾರ. ಇದು ನಮ್ಮ ದೃಷ್ಟಿಯಲ್ಲಿ ಇಡೀ ಕಥೆಯ ಅತ್ಯಂತ ಬೋಧಪ್ರದವಾದ ಭಾಗ. 1996ರ ಒಪ್ಪಂದದಿಂದ ನೇಪಾಳದಲ್ಲಿ ತಯಾರಾದ ವಸ್ತುಗಳಿಗೆ, ಅಲ್ಲಿನ ಮೂಲ ಪ್ರಮಾಣಪತ್ರವೊಂದಿದ್ದರೆ, ಭಾರತದ ಮಾರುಕಟ್ಟೆ ಬಹುಮಟ್ಟಿಗೆ ಸುಂಕವಿಲ್ಲದೆ ತೆರೆಯಿತು. ಒಳ್ಳೆಯ ಉದ್ದೇಶದ ಈ ರಿಯಾಯಿತಿಯ ನೆರಳಿನಲ್ಲಿ ಬೆಳೆದುದೇನು? ವನಸ್ಪತಿ, ತಾಮ್ರದ ಸಾಮಾನು, ಆಕ್ರಿಲಿಕ್ ನೂಲು, ಸತುವಿನ ಆಕ್ಸೈಡ್. ತಾಳೆಎಣ್ಣೆಯ ಮೇಲೆ ನೇಪಾಳದ ಆಮದು ಸುಂಕ ಕಡಿಮೆ, ಭಾರತದ್ದು ಹೆಚ್ಚು. ಆದಕಾರಣ ಎಣ್ಣೆಯು ಕೋಲ್ಕತ್ತದಲ್ಲಿ ಇಳಿದು, ಗಡಿ ದಾಟಿ, ವನಸ್ಪತಿಯಾಗಿ ರೂಪಾಂತರ ಹೊಂದಿ, ಮತ್ತೆ ಗಡಿ ದಾಟಿ ಭಾರತಕ್ಕೇ ಬಂದಿತು. ಭಾರತದ ವನಸ್ಪತಿ ತಯಾರಕರು ದೂರಿದರು. 2002ರ ಪರಿಷ್ಕರಣದಲ್ಲಿ ಮೌಲ್ಯವರ್ಧನೆಯ ಷರತ್ತು ಬಂದಿತು. ಈ ನಾಲ್ಕು ವಸ್ತುಗಳಿಗೆ ಮಿತಿ ನಿಗದಿಯಾಯಿತು, ವನಸ್ಪತಿಗೆ ವರ್ಷಕ್ಕೆ 1 ಲಕ್ಷ ಟನ್ನು. ಕಾರ್ಖಾನೆಗಳು ಸೊರಗಿದುವು.

ಪಾಠ ಮುಗಿಯಿತೆಂದು ತಿಳಿಯುವಂತಿಲ್ಲ. 2019ರ ಸುಮಾರಿಗೆ ಸಂಸ್ಕರಿಸಿದ ತಾಳೆಎಣ್ಣೆಯು ಅದೇ ದಾರಿ ಹಿಡಿಯಿತು. 2020ರ ಜನವರಿಯಲ್ಲಿ ಭಾರತವು ಅದರ ಆಮದನ್ನು ನಿರ್ಬಂಧಿಸಿತು. 2024ರ ಸೆಪ್ಟೆಂಬರಿನಲ್ಲಿ ಭಾರತವು ಕಚ್ಚಾ ಖಾದ್ಯತೈಲದ ಒಟ್ಟು ಸುಂಕವನ್ನು ಶೇಕಡ 5.5ರಿಂದ 27.5ಕ್ಕೂ, ಸಂಸ್ಕರಿಸಿದ ತೈಲದ್ದನ್ನು 13.75ರಿಂದ 35.75ಕ್ಕೂ ಏರಿಸಿತು. ದಕ್ಷಿಣ ಏಷ್ಯದ ಮುಕ್ತವ್ಯಾಪಾರ ಒಪ್ಪಂದದ ರಿಯಾಯಿತಿಯಿಂದಾಗಿ ನೇಪಾಳದಿಂದ ಬರುವ ಎಣ್ಣೆಗೆ ಈ ಏರಿಕೆ ತಟ್ಟಲಿಲ್ಲ. ಅಲ್ಪಕಾಲದಲ್ಲಿಯೇ ಸೋಯಾಬೀನ್ ಎಣ್ಣೆಯು ನೇಪಾಳದ ರಫ್ತಿನ ಪಟ್ಟಿಯ ತಲೆಯ ಮೇಲೆ ಕುಳಿತಿತು. ಸೋಯಾಬೀನನ್ನು ಹೇಳಿಕೊಳ್ಳುವಷ್ಟು ಬೆಳೆಯದ, ಕಡಲೂ ಇಲ್ಲದ ದೇಶವು ಅರ್ಜೆಂಟೀನದ ಎಣ್ಣೆಯನ್ನು ತರಿಸಿ, ಶುದ್ಧಿಮಾಡಿ, ಮಾರಿ ರಫ್ತಿನ ಅಂಕಿಗಳನ್ನು ಉಬ್ಬಿಸಿಕೊಂಡಿತು. 2025ರ ಮೇ ತಿಂಗಳ ಕೊನೆಯಲ್ಲಿ ಕಚ್ಚಾ ಎಣ್ಣೆಯ ಮೂಲಸುಂಕವನ್ನು ದೆಹಲಿಯು ಶೇಕಡ 20ರಿಂದ 10ಕ್ಕೆ ಇಳಿಸಿತು. ಅಷ್ಟರಿಂದಲೇ ಲಾಭದ ಅಂತರ ಕುಗ್ಗಿತು. ಒಂದು ಕೈಗಾರಿಕೆಯ ಆಯುಷ್ಯ ಮತ್ತೊಂದು ದೇಶದ ಸುಂಕದ ಪ್ರಕಟಣೆಯಲ್ಲಿ ಬರೆದಿದ್ದರೆ, ಅದನ್ನು ಸ್ಪರ್ಧಾಸಾಮರ್ಥ್ಯವೆಂದು ಕರೆಯಲು ನಾವು ಹಿಂಜರಿಯುತ್ತೇವೆ. ಅಲ್ಲಿ ಹಾಕಿದ ಬಂಡವಾಳದಿಂದ ಯಂತ್ರ ಬರಬಹುದು. ಕೌಶಲವಾಗಲಿ ಹೊಸ ಗಿರಾಕಿಯಾಗಲಿ ಬರುವುದು ವಿರಳ.

ರತ್ನಗಂಬಳಿಯ ಕಥೆ ಇದಕ್ಕಿಂತ ಭಿನ್ನ. 1959ರ ನಂತರ ಬಂದ ಟಿಬೆಟ್ಟಿನ ನಿರಾಶ್ರಿತರಿಗೆ ಜೀವನೋಪಾಯ ಕಲ್ಪಿಸಲು ಸ್ವಿಸ್ ನೆರವಿನೊಡನೆ ಕಾಠ್ಮಂಡುವಿನ ಕಣಿವೆಯಲ್ಲಿ ನೇಯ್ಗೆ ಆರಂಭವಾಯಿತು. (ನಮ್ಮ ಬೈಲುಕುಪ್ಪೆ, ಮುಂಡಗೋಡುಗಳ ಟಿಬೆಟನ್ ಶಿಬಿರಗಳಲ್ಲಿ ಈ ನೇಯ್ಗೆಯನ್ನು ಕಂಡ ವಾಚಕರಿಗೆ ಅದರ ಶ್ರಮ ಎಂಥದೆಂದು ಹೇಳಬೇಕಾದುದಿಲ್ಲ.) ನೇಪಾಳದಲ್ಲಿ ಅದು ದೊಡ್ಡ ಉದ್ಯಮವಾಗಿ ಬೆಳೆದು, ಜರ್ಮನಿಯು ಅದರ ಮುಖ್ಯ ಗಿರಾಕಿಯಾಯಿತು. ಉಣ್ಣೆಯ ಒಂದು ಪಾಲು ನ್ಯೂಜಿಲೆಂಡಿನಿಂದ ಬರಬೇಕಾಗಿತ್ತು. ಅಂದರೆ ಕಡಲಿಲ್ಲದಿರುವಿಕೆಯ ಕಪ್ಪವನ್ನು ಹೋಗುವಾಗಲೂ ಬರುವಾಗಲೂ ತೆರಬೇಕಾಗಿತ್ತು. ಆದರೂ ಅದು ನಿಂತಿತು, ಏಕೆಂದರೆ ತೂಕಕ್ಕೆ ಹೋಲಿಸಿದರೆ ಬೆಲೆ ಹೆಚ್ಚು. ಆ ಬೆಲೆಯ ಬಹುಭಾಗ ನೇಕಾರನ ಕೈಯಿಂದ ಹುಟ್ಟಿದ್ದು. 1990ರ ದಶಕದ ಮಧ್ಯದಲ್ಲಿ ಮಗ್ಗಗಳಲ್ಲಿ ಬಾಲಕಾರ್ಮಿಕರು ದುಡಿಯುತ್ತಿರುವರೆಂಬ ವಿಚಾರ ಯುರೋಪಿನಲ್ಲಿ ಬಹಿರಂಗವಾದಾಗ ಬೇಡಿಕೆ ಕುಸಿಯಿತು. ಈ ಪೆಟ್ಟಿಗೆ ದಾರಿಯ ದೋಷ ಕಾರಣವಲ್ಲ, ಮನೆಯೊಳಗಿನ ದೋಷ ಕಾರಣ. ಸಿದ್ಧ ಉಡುಪಿನ ಉದ್ಯಮಕ್ಕೆ ಬೇರೆ ಬಗೆಯ ಆಘಾತವಾಯಿತು: ಜವಳಿ ವ್ಯಾಪಾರದ ಅಂತರರಾಷ್ಟ್ರೀಯ ಕೋಟಾ ಪದ್ಧತಿ 2005ರ ಜನವರಿ 1ರಂದು ಕೊನೆಗೊಂಡ ಕೂಡಲೇ, ಅಮೆರಿಕದ ಕೋಟಾವನ್ನೇ ಆಶ್ರಯಿಸಿದ್ದ ಹೊಲಿಗೆಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದುವು. ಅದೇ ಗಳಿಗೆಯಲ್ಲಿ ಬಾಂಗ್ಲಾದೇಶದ ಉಡುಪು ಉದ್ಯಮ ಬೆಳೆಯುತ್ತ ಹೋಯಿತು. ಅದಕ್ಕೆ ಚಿತ್ತಗಾಂಗಿನ ಬಂದರು ಇತ್ತು.

ವಿದ್ಯುಚ್ಛಕ್ತಿಯ ವಿಷಯದಲ್ಲಿ ನೇಪಾಳದ ಅನುಭವ ವಿಪರ್ಯಾಸದಿಂದ ಕೂಡಿದೆ. ಹಿಮಾಲಯದ ನದಿಗಳ ನಡುವೆ ಕುಳಿತ ದೇಶವು 2016ಕ್ಕೆ ಮುಂಚಿನ ಚಳಿಗಾಲಗಳಲ್ಲಿ ದಿನಕ್ಕೆ ಹದಿನಾರು ಗಂಟೆಗೂ ಹೆಚ್ಚು ಕತ್ತಲೆಯಲ್ಲಿದ್ದುದುಂಟು. ಕಾರ್ಖಾನೆಗಳು ಡೀಸೆಲ್ ಯಂತ್ರಗಳನ್ನು ಓಡಿಸಿದುವು. ಆ ಡೀಸೆಲ್ಲೂ ಭಾರತದಿಂದ ಟ್ಯಾಂಕರಿನಲ್ಲಿ ಬರಬೇಕಾಗಿತ್ತು. 2016ರಿಂದ 2018ರವರೆಗೆ ವಿತರಣೆಯ ಶಿಸ್ತಿನಿಂದಲೂ ಭಾರತದ ವಿದ್ಯುತ್ತಿನ ಆಮದಿನಿಂದಲೂ ಲೋಡ್‌ಶೆಡ್ಡಿಂಗ್ ನಿಂತಿತು. ಮೋತಿಹಾರಿಯಿಂದ ಅಮಲೇಖಗಂಜಿಗೆ 69 ಕಿಲೋಮೀಟರಿನ ತೈಲದ ಕೊಳವೆಮಾರ್ಗ 2019ರಲ್ಲಿ ಉದ್ಘಾಟನೆಯಾಯಿತು. 456 ಮೆಗಾವಾಟಿನ ಮೇಲಣ ತಾಮಾಕೋಶಿ ಯೋಜನೆ 2021ರಲ್ಲಿ ಕೆಲಸ ತೊಡಗಿತು. ಅದೇ ವರ್ಷ ನೇಪಾಳವು ಭಾರತದ ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಮಾರಾಟ ಆರಂಭಿಸಿತು. ವಿದ್ಯುತ್ತಿಗೆ ಹಡಗೂ ಬೇಡ, ಬಂದರೂ ಬೇಡ. ಆದರೆ ನೆರೆಯವನ ತಂತಿ ಬೇಕು, ಅವನ ಅನುಮತಿಯೂ ಬೇಕು. ಮೇಲಾಗಿ ಅಲ್ಲಿನ ಬಹುತೇಕ ಸ್ಥಾವರಗಳು ದೊಡ್ಡ ಜಲಾಶಯವಿಲ್ಲದೆ ನದಿಯ ಹರಿವನ್ನೇ ನಂಬಿದವು. ಮಳೆಗಾಲದಲ್ಲಿ ವಿದ್ಯುತ್ತನ್ನು ಮಾರುವ ದೇಶವು ಚಳಿಗಾಲದಲ್ಲಿ ಕೊಳ್ಳುತ್ತದೆ. ಅಗ್ಗದ ವಿದ್ಯುತ್ತನ್ನು ಗಡಿಯಾಚೆ ಮಾರುವುದಕ್ಕಿಂತ ದೇಶದೊಳಗಿನ ಯಂತ್ರಗಳಿಗೆ ವರ್ಷವಿಡೀ ಎಡೆಬಿಡದೆ ಒದಗಿಸುವುದು ಹೆಚ್ಚು ಉದ್ಯೋಗವನ್ನು ಹುಟ್ಟಿಸೀತೆಂದು ನಮಗೆ ತೋರುತ್ತದೆ.

ಸಿಮೆಂಟಿನ ದೃಷ್ಟಾಂತವನ್ನೂ ಇಲ್ಲಿ ಸೇರಿಸಬಹುದು. ರಫ್ತುದಾರನಿಗೆ ಶತ್ರುವಾದ ದೂರವು ಭಾರವಾದ ಅಗ್ಗದ ಸರಕನ್ನು ಸ್ವದೇಶದಲ್ಲಿಯೇ ತಯಾರಿಸುವವನಿಗೆ ಕೋಟೆಯಾಗುತ್ತದೆ. ಸುಣ್ಣಕಲ್ಲು ಬೆಟ್ಟಗಳಲ್ಲಿಯೇ ಇದೆ. ವಿದ್ಯುತ್ತಿನ ಕೊರತೆ ನೀಗಿದ ಮೇಲೆ ಕ್ಲಿಂಕರಿನ ಆಮದು ಅಡಗಿತು. 2022ರಲ್ಲಿ ಸಿಮೆಂಟು ಭಾರತಕ್ಕೆ ರಫ್ತಾಗತೊಡಗಿತು.

ಕೂಲಿಯ ಪ್ರಶ್ನೆಯನ್ನು ಬಿಟ್ಟು ಈ ವಿವೇಚನೆ ಪೂರ್ಣವಾಗದು. ಕೊಲ್ಲಿ ದೇಶಗಳಲ್ಲಿಯೂ ಮಲೇಷ್ಯದಲ್ಲಿಯೂ ದುಡಿಯುವ ನೇಪಾಳಿಗಳು ಮನೆಗೆ ಕಳಿಸುವ ಹಣ ರಾಷ್ಟ್ರೀಯ ಉತ್ಪನ್ನದ ಕಾಲುಭಾಗಕ್ಕೆ ಹತ್ತಿರವಾಗಿದೆ. ಈ ಹಣ ಮಕ್ಕಳನ್ನು ಓದಿಸಿದೆ, ಬಡತನವನ್ನು ಇಳಿಸಿದೆ. ಅದನ್ನು ಹಳಿಯುವುದು ಅನುಚಿತ. ಆದರೆ ಅದು ಮನೆನಿವೇಶನಗಳ ಬೆಲೆಯನ್ನೂ ಕೂಲಿಯ ನಿರೀಕ್ಷೆಯನ್ನೂ ಏರಿಸಿತು. ನೇಪಾಳಿ ರೂಪಾಯಿಯು 1993ರಿಂದ ಒಂದು ಭಾರತೀಯ ರೂಪಾಯಿಗೆ 1.60ರಂತೆ ಕಟ್ಟಿಕೊಂಡಿರುವುದರಿಂದ, ನಾಣ್ಯದ ಮೌಲ್ಯವನ್ನು ಇಳಿಸಿ ರಫ್ತುದಾರನಿಗೆ ಉಸಿರಾಡಲು ಅವಕಾಶ ಕೊಡುವ ಮಾರ್ಗವೂ ಮುಚ್ಚಿದೆ. ಹೀಗಾಗಿ ಉತ್ಪಾದಕತೆ ಏರದೆ ಕೂಲಿ ಮಾತ್ರ ಏರಿದ ಕಾರ್ಖಾನೆಯು ನೆರೆಯ ಬಿಹಾರದ ಕಾರ್ಖಾನೆಯೊಡನೆಯೂ ಸ್ಪರ್ಧಿಸಲಾರದಾಯಿತು. ಸ್ಥಿರದರವನ್ನು ಬಿಡಬೇಕೆಂದು ಕೆಲವರು ವಾದಿಸುತ್ತಾರೆ. ತೆರೆದ ಗಡಿ, ಎಲ್ಲೆಡೆ ಚಲಾವಣೆಯಾಗುವ ಭಾರತದ ನೋಟು, ಆಮದಿನ ಬಹುಭಾಗಕ್ಕೆ ಭಾರತವನ್ನೇ ಅವಲಂಬಿಸಿರುವಿಕೆ ಇವುಗಳನ್ನು ನೋಡಿದರೆ, ಆ ಔಷಧ ರೋಗಕ್ಕಿಂತ ಕ್ರೂರವಾದೀತು. ನುರಿತ ಕೈಗಳೂ ನಿಶ್ಚಿತವಾದ ಸಾಗಣೆಯೂ ಕಾರ್ಖಾನೆಯ ವೆಚ್ಚವನ್ನು ನಿಧಾನವಾಗಿಯಾದರೂ ಖಚಿತವಾಗಿ ಇಳಿಸುತ್ತವೆ.

ಕಾಲವಾದರೋ ಹೆಚ್ಚಿಲ್ಲ. ಅತ್ಯಲ್ಪ ಅಭಿವೃದ್ಧಿ ಹೊಂದಿದ ದೇಶಗಳ ವರ್ಗದಿಂದ ನೇಪಾಳವು ಮೇಲೇರುವ ದಿನವನ್ನು ವಿಶ್ವಸಂಸ್ಥೆಯ ಮಹಾಸಭೆಯು 2021ರಲ್ಲಿ ಗೊತ್ತುಮಾಡಿತು. ಅದು 2026ರ ನವೆಂಬರ್ 24. ಈ ಗೌರವದೊಡನೆ ಕೆಲವು ರಿಯಾಯಿತಿಗಳ ಅವಸಾನವೂ ಬರುತ್ತದೆ. ಯುರೋಪಿನ ಒಕ್ಕೂಟವು ಮೇಲೇರಿದ ದೇಶಕ್ಕೆ ಮೂರು ವರ್ಷಗಳ ಕಾಲಾವಕಾಶ ಕೊಡುತ್ತದೆ. ಅಲ್ಪಾಭಿವೃದ್ಧ ದೇಶಕ್ಕೆ ಅಲ್ಲಿರುವ ನಿಯಮದಂತೆ ಆಮದಾದ ಬಟ್ಟೆಯನ್ನು ಹೊಲಿದರೂ ಆ ಉಡುಪು ಸ್ವದೇಶಿ ಎನಿಸುತ್ತದೆ. ಮೇಲೇರಿದ ದೇಶಕ್ಕೆ ಸಾಮಾನ್ಯ ರಿಯಾಯಿತಿ ದೊರೆಯಬೇಕಾದರೆ ಬಟ್ಟೆಯನ್ನು ನೇಯುವುದೂ ಹೊಲಿಯುವುದೂ ಎರಡೂ ಸ್ವದೇಶದಲ್ಲಿಯೇ ನಡೆಯಬೇಕು. ನೇಪಾಳದ ಹೊಲಿಗೆಯ ಕಾರ್ಖಾನೆಗಳು ಬಟ್ಟೆಯನ್ನು ಹೆಚ್ಚಾಗಿ ಹೊರಗಿನಿಂದಲೇ ತರಿಸುತ್ತವೆ. ನೇಯ್ಗೆಯ ಗಿರಣಿಯೊಂದನ್ನು ಕಟ್ಟಿ, ಕೆಲಸಗಾರರನ್ನು ತರಬೇತುಗೊಳಿಸಿ, ಮೊದಲ ಬಟ್ಟೆಯನ್ನು ಹೊರತರಲು ಬೇಕಾಗುವ ಕಾಲವನ್ನು ಈ ಮೂರು ವರ್ಷಗಳೊಡನೆ ಹೋಲಿಸಿ ನೋಡಬೇಕಾಗಿದೆ. ಆ ಗಿರಣಿಯ ಯಂತ್ರಗಳೂ ಕೋಲ್ಕತ್ತದ ಬಂದರಿನಲ್ಲಿಯೇ ಇಳಿಯಬೇಕು.